ಸ್ಟೂಡೆಂಟ್ ಡಾಕ್ಟ್ರು ಮುಟ್ಟೋಕ್ ಮುಂಚೆ ಕೇಳ್ಬೇಕಲ್ವಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಹೊಟ್ಟೆನೋವು ಅಂತ ಮೆಡಿಕಲ್ ಕಾಲೇಜ್ ಆಸ್ಪತ್ರೆಲಿ ಅಡ್ಮಿಟ್ ಆಗಿದ್ದೆ. ದೊಡ್ಡ ಡಾಕ್ಟ್ರು ನೋಡಿ ಹೋದ್ಮೇಲೆ ಸ್ಟೂಡೆಂಟ್ಸ್ ಗುಂಪು ಬಂದು ಒಬ್ಬರಾದ ಮೇಲೆ ಒಬ್ಬರು ಹೊಟ್ಟೆ ಒತ್ತಿ ನೋಡಿದ್ರು, ನೋವಾಗ್ತಿದೆ ಅಂದ್ರೂ ಬಿಡ್ಲಿಲ್ಲ. ಬೇಡ ಅಂದ್ರೆ ಎಲ್ಲಿ ಟ್ರೀಟ್‌ಮೆಂಟ್ ಸರಿಯಾಗಿ ಕೊಡಲ್ವೋ ಅಂತ ಸುಮ್ನಿದ್ದೆ. ಅಡ್ಮಿಷನ್ ಟೈಮಲ್ಲಿ ಯಾವ್ದೋ ಫಾರಂಗೆ ಸೈನ್ ಹಾಕಿದ್ದೆ, ಅದ್ರಲ್ಲೇ ಒಪ್ಕೊಂಡಂಗೆ ಆಯ್ತಾ?

ಉತ್ತರ: ಬೇಡ ಅನ್ಬಹುದಿತ್ತಮ್ಮ, ಅದಕ್ಕೆ ಕಾರಣಾನೂ ಕೊಡ್ಬೇಕಿಲ್ಲ. ಆ ಸೈನು ನಿಮ್ಮ ಚಿಕಿತ್ಸೆಗೆ, ಹೊಟ್ಟೆನ ಪಾಠದ ಹಲಗೆ ಮಾಡ್ಕೊಳ್ಳೋಕಲ್ಲ. ಫಾರಂನಲ್ಲಿ ‘ಇದು ಕಲಿಕೆಯ ಆಸ್ಪತ್ರೆ’ ಅಂತ ಒಂದು ಸಾಲು ಇದ್ರೂ ಮೈ ಮುಟ್ಟೋನು ಆ ಹೊತ್ತಿಗೆ ಮತ್ತೆ ಕೇಳ್ಬೇಕು. ನೀವು ಬೇಡ ಅಂದ್ರಿ ಅಂತ ಟ್ರೀಟ್‌ಮೆಂಟ್‌ನಲ್ಲಿ ಒಂದ್ ಚೂರೂ ಕಮ್ಮಿ ಮಾಡಂಗಿಲ್ಲ, ಮಾಡಿದ್ರೆ ಅದು ಕಂಪ್ಲೇಂಟ್ ಕೊಡೋ ವಿಷಯ.

ಇದೇನ್ ಹೊಸ ಮಾತಲ್ಲ. ನ್ಯೂಯಾರ್ಕಲ್ಲಿ ಒಬ್ಬ ಹೆಂಗಸು, ಮತ್ತಿನ ಔಷಧಿ ಕೊಟ್ಟು ಪರೀಕ್ಷೆ ಮಾತ್ರ ಮಾಡಿ, ಆಪರೇಷನ್ ಬೇಡ ಅಂದಿದ್ರೂ ಡಾಕ್ಟ್ರು ಗಡ್ಡೆ ತೆಗೆದೇಬಿಟ್ಟಿದ್ರು. 1914ರಲ್ಲಿ ಆ ಕೇಸಿನ ತೀರ್ಪು ಬರೀತಾ ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೊ, ಬುದ್ಧಿ ಸ್ವಾಧೀನದಲ್ಲಿರೋ ವಯಸ್ಕರಿಗೆ ತಮ್ಮ ದೇಹಕ್ಕೆ ಏನ್ ಮಾಡ್ಬೇಕು ಅಂತ ತೀರ್ಮಾನಿಸೋ ಹಕ್ಕಿದೆ ಅಂತ ಹೇಳಿದ್ರು. ತಮಾಷೆ ಅಂದ್ರೆ ಆಸ್ಪತ್ರೆ ಮೇಲಿನ ಆ ಕೇಸನ್ನ ಆಕೆ ಗೆಲ್ಲಲಿಲ್ಲ, ಆ ಮಾತನ್ನ ಮಾತ್ರ ಇವತ್ತಿಗೂ ಮೆಡಿಕಲ್ ಎಥಿಕ್ಸ್ ಕ್ಲಾಸಲ್ಲಿ ಹೇಳ್ತಾರೆ.

ಹಂಗಂತ ಸ್ಟೂಡೆಂಟ್ಸ್‌ನ ಓಡಿಸ್ಬೇಡಿ. ದೊಡ್ಡದಾಗಿರೋ ಗುಲ್ಮ (ಸ್ಪ್ಲೀನ್) ಕೈಗೆ ಹೆಂಗ್ ಸಿಗುತ್ತೆ ಅಂತ ಪುಸ್ತಕ ಓದಿ ಗೊತ್ತಾಗಲ್ಲ, ಯಾರಾದ್ರೂ ಹೊಟ್ಟೆ ತೋರಿಸ್ಲೇಬೇಕು. ಮುಂದಿನ ಸಲ ‘ಇವತ್ತು ನೋವಿದೆ, ಇಬ್ರು ನೋಡ್ಲಿ ಸಾಕು’ ಅನ್ನಿ. ಅರ್ಧದಲ್ಲಿ ನಿಲ್ಸಿ ಅಂದ್ರೂ ನಿಲ್ಲಿಸ್ಬೇಕು.

ಪ್ರಶ್ನೆ: ಸರ್, ನಾನು ಮೆಡಿಕಲ್ ಸ್ಟೂಡೆಂಟ್. ಗೈನಿಕ್ (ಸ್ತ್ರೀರೋಗ ವಿಭಾಗದ) ಪೋಸ್ಟಿಂಗಲ್ಲಿ ಪೇಷಂಟ್‌ಗೆ ಅನಸ್ತೇಶಿಯಾ ಕೊಟ್ಟ ಮೇಲೆ ಮೇಡಂ ‘ಗ್ಲೌಸ್ ಹಾಕ್ಕೊಂಡು ಪಿ.ವಿ. (ಯೋನಿಯ ಒಳಗಿನ ಪರೀಕ್ಷೆ) ಮಾಡಿ ನೋಡು, ಮಸಲ್ಸ್ ಎಲ್ಲಾ ಸಡಿಲ ಇರುತ್ತೆ, ಕಲಿಯೋಕೆ ಇದೇ ಬೆಸ್ಟ್ ಟೈಮ್’ ಅಂತಾರೆ. ಆ ಅಮ್ಮನಿಗೆ ಇದ್ಯಾವ್ದೂ ಗೊತ್ತಿಲ್ಲ. ಆಗಲ್ಲ ಅಂದ್ರೆ ಇಂಟರ್ನಲ್ಸ್ ಮಾರ್ಕ್ಸ್ ಅವ್ರ ಕೈಲಿದೆ. ಏನ್ ಮಾಡ್ಲಿ?

ಉತ್ತರ: ನಿಮಗೆ ಕಸಿವಿಸಿ ಆಯ್ತಲ್ಲ, ಅದನ್ನ ಹಂಗೇ ಉಳಿಸ್ಕೊಳ್ಳಿ. ಯಾಕಂದ್ರೆ ಅದು ಸವೆಯುತ್ತೆ. ಅಮೆರಿಕದ ಫಿಲಡೆಲ್ಫಿಯಾ ಕಡೆ ಮೆಡಿಕಲ್ ಕಾಲೇಜುಗಳ ಬಗ್ಗೆ 2003ರಲ್ಲಿ ಒಂದು ಅಧ್ಯಯನ ಬಂತು, ಗೈನಿಕ್ ಪೋಸ್ಟಿಂಗ್ ಮುಗಿಸಿದ ಹುಡುಗ್ರು ಇನ್ನೂ ಮಾಡ್ದೇ ಇರೋರಿಗಿಂತ ಒಪ್ಪಿಗೆ ಕೇಳೋದಕ್ಕೆ ಕಮ್ಮಿ ಬೆಲೆ ಕೊಟ್ಟಿದ್ರಂತೆ. ನನಗೆ ಜಾಸ್ತಿ ಭಯ ಹುಟ್ಸೋದು ಇದೇ, ಕೆಟ್ಟೋರು ಅಂತಲ್ಲ, ಎಲ್ರೂ ಮಾಡ್ತಾರೆ ಅಂತ ನೋಡ್ತಾ ನೋಡ್ತಾ ಅಭ್ಯಾಸ ಆಗ್ಬಿಡುತ್ತೆ. ಅದೇ ವರ್ಷ ಇಂಗ್ಲೆಂಡಿನ ಒಂದು ಕಾಲೇಜಲ್ಲೂ ಇಂಥ ಪರೀಕ್ಷೆಗಳಲ್ಲಿ ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಸರಿಯಾದ ಒಪ್ಪಿಗೆ ಇರ್ಲಿಲ್ಲ ಅಂತ ಗೊತ್ತಾಯ್ತು. ಕ್ಯಾಲಿಫೋರ್ನಿಯಾದಲ್ಲಿ ಆಗ್ಲೇ ಕಾನೂನು ಬಂತು, 2024ರಲ್ಲಿ ಅಮೆರಿಕದ ಕೇಂದ್ರ ಸರ್ಕಾರಾನೇ ಅನಸ್ತೇಶಿಯಾ ಕೊಟ್ಟು ಸ್ಟೂಡೆಂಟ್ಸ್ ಕೈಲಿ ಇಂಥ ಪರೀಕ್ಷೆ ಮಾಡ್ಸೋಕೆ ಮುಂಚೆನೇ ಒಪ್ಪಿಗೆ ತಗೊಳ್ಳಿ, ಅದೂ ಬರವಣಿಗೆಲಿ, ಅಂತ ಆಸ್ಪತ್ರೆಗಳಿಗೆ ಹೇಳ್ತು.

ಒಂದು ವ್ಯತ್ಯಾಸ ತಿಳ್ಕೊಳ್ಳಿ. ಆಪರೇಷನ್ ಮಾಡೋ ಡಾಕ್ಟ್ರು ಗರ್ಭಕೋಶ ಎಷ್ಟಿದೆ, ಎಷ್ಟು ಅಲ್ಲಾಡುತ್ತೆ ಅಂತ ಟೇಬಲ್ ಮೇಲೆ ನೋಡೋದು ಆ ಪೇಷಂಟಿನ ಒಳ್ಳೇದಕ್ಕೆ, ಆಪರೇಷನ್ನಿನ ಭಾಗ. ನೀವು ಮಾಡೋದು ನಿಮ್ಮ ಕಲಿಕೆಗೆ.

ಹಿಂದಿನ ದಿನಾನೇ ವಾರ್ಡಿಗೆ ಹೋಗಿ. ಪರದೆ ಎಳೆದು, ಅಟೆಂಡರು ನೆಂಟರು ಎಲ್ಲಾ ಆಚೆ ಹೋದ್ಮೇಲೆ ಸ್ಟೂಲ್ ಎಳ್ಕೊಂಡು ಕೂತ್ಕೊಳ್ಳಿ, ನಿಂತ್ಕೊಂಡು ಕೇಳಿದ್ರೆ ಅವ್ರು ಹೂಂ ಅಂದೇ ಅಂತಾರೆ. ‘ಅಮ್ಮಾ, ನಾನಿನ್ನೂ ಡಾಕ್ಟರಲ್ಲ, ಓದ್ತಾ ಇರೋಳು. ನಾಳೆ ನಿಮಗೆ ಮತ್ತು ಬಂದ್ಮೇಲೆ ಕಲಿಯೋಕೋಸ್ಕರ ಒಳಗಿನ ಪರೀಕ್ಷೆ ಮಾಡ್ಲಾ? ಇದ್ರಿಂದ ನಿಮಗೇನೂ ಉಪಯೋಗ ಇಲ್ಲ, ಬೇಡ ಅಂದ್ರೆ ಯಾರೂ ಏನೂ ಅನ್ಕೊಳ್ಳಲ್ಲ’ ಅಂತ ಬಿಡಿಸಿ ಹೇಳಿ, ಎಷ್ಟು ಜನ ಅನ್ನೋದೂ ಹೇಳಿ. ಹೂಂ ಅಂದ್ರೆ ಕೇಸ್ ಶೀಟಲ್ಲಿ ಬರೆಸಿ ಸೈನ್ ಹಾಕಿಸಿ. ಹಿಂಗೆ ಕೇಳಿದ್ರೆ ಒಪ್ಕೊಳ್ಳೋರು ಬೇಕಾದಷ್ಟು ಜನ ಇದಾರೆ. ಸುಮ್ನೆ ಮುಖ ತಿರುಗಿಸ್ಕೊಂಡ್ರೆ ಅದನ್ನ ಇಲ್ಲ ಅಂತಾನೇ ತಗೊಳ್ಳಿ.

ಇನ್ನು ಮೇಡಂ ವಿಷಯ. ಓ.ಟಿ.ಯಲ್ಲಿ ಭಾಷಣ ಬೇಡ, ‘ಮೇಡಂ, ಇವ್ರ ಹತ್ರ ಒಪ್ಪಿಗೆ ತಗೊಂಡಿಲ್ಲ, ನಾಳೆ ಲಿಸ್ಟಲ್ಲಿರೋರನ್ನ ನಾನೇ ಕೇಳ್ಕೊಂಡ್ ಬರ್ಲಾ?’ ಅಂದ್ರೆ ಸಾಕು. ಕಲಿಯಲ್ಲ ಅಂತ ಹೇಳಿದಂಗೂ ಆಗ್ಲಿಲ್ಲ. ಬೈದ್ರೆ ಬ್ಯಾಚಿನವ್ರೆಲ್ಲಾ ಸೇರಿ ಎಥಿಕ್ಸ್ ಕಮಿಟಿಗೋ ಡೀನ್‌ಗೋ ಬರೀರಿ, ಒಬ್ರೇ ಹೋಗ್ಬೇಡಿ. ನಿಜ ಹೇಳ್ಬೇಕಂದ್ರೆ ಈ ಭಾರ ಸ್ಟೂಡೆಂಟ್ ತಲೆ ಮೇಲೆ ಬರಲೇಬಾರ್ದಿತ್ತು, ಕಲಿಸೋರೇ ಕೇಳಿಟ್ಟಿರ್ಬೇಕಿತ್ತು.

ಪ್ರಶ್ನೆ: ಮುಖ ಮುಚ್ಚಿ ಗಾಯದ ಫೋಟೋ ತೆಗೆದು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ತಪ್ಪೇನು?

ಉತ್ತರ: ಹಚ್ಚೆ, ಹಳೇ ಕಲೆ, ಎಕ್ಸ್‌ರೇ ಮೂಲೇಲಿರೋ ಹೆಸರು ಇವೆಲ್ಲಾ ಗುರುತು ಹೇಳುತ್ತೆ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಫೋಟೋಗೆ ಆಗಲ್ಲ, ಎಲ್ಲಿಗೆ ಕಳಿಸ್ತೀರಿ ಅಂತ ಹೇಳಿ ಬೇರೆ ಕೇಳ್ಬೇಕು. ಈಗಾಗ್ಲೇ ಹಾಕಿದ್ರೆ ತೆಗೀರಿ, ಗ್ರೂಪಿನವರ ಫೋನ್ ಗ್ಯಾಲರಿಲೂ ಸೇವ್ ಆಗಿರುತ್ತೆ, ಅವ್ರಿಗೂ ಅಳಿಸೋಕೆ ಹೇಳಿ.