ಆನೆ ದೂಡಿದ ಕಾರಿಗೆ ಇನ್ಶೂರೆನ್ಸ್ ಹಣ ಬರುತ್ತಾ?

ಹಾಸನ, ಚಿಕ್ಕಮಗಳೂರು ಕಡೆಯ ಓದುಗರ ಪ್ರಶ್ನೆಗಳಿಗೆ ವಾಹನ ವಿಮೆ ಸರ್ವೇಯರ್ ಉತ್ತರ

ಪ್ರಶ್ನೆ: ಹಾಸನಾಂಬೆ ದರ್ಶನದ ಸಮಯದಲ್ಲಿ ದೇವಸ್ಥಾನದ ಹತ್ತಿರದ ಬೀದಿಯಲ್ಲಿ ಕಾರು ನಿಲ್ಲಿಸಿದ್ದೆ. ವಾಪಸ್ ಬಂದು ನೋಡಿದರೆ ಎಡಗಡೆ ಬಾಗಿಲು ಒಳಗೆ ಹೋಗಿದೆ, ಹಿಂದಿನ ಬಂಪರ್ ತುಂಬ ಗೀರು. ಯಾರು ಗುದ್ದಿದರೋ ಗೊತ್ತಿಲ್ಲ. ಗ್ಯಾರೇಜಿನಲ್ಲಿ 8,500 ರೂಪಾಯಿ ಆಗುತ್ತೆ ಅಂದರು. 'ಕ್ಲೈಮ್ ಹಾಕಿ ಸರ್, ಹಳೇ ಡೆಂಟುಗಳನ್ನೂ ಅದರಲ್ಲೇ ಸೇರಿಸಿ ಇಡೀ ಗಾಡಿ ಪೇಂಟ್ ಮಾಡಿಕೊಡ್ತೀವಿ' ಅಂತಿದ್ದಾರೆ. ಎನ್‌ಸಿಬಿ (ಕ್ಲೈಮ್ ಹಾಕದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಈಗ 35% ಇದೆ. ಏನು ಮಾಡಲಿ?

ಉತ್ತರ: ಕೈಯಿಂದ ದುಡ್ಡು ಕೊಟ್ಟು ಮಾಡಿಸಿಕೊಳ್ಳಿ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಮೊದಲು, 8,500 ಪೂರ್ತಿ ನಿಮ್ಮ ಕೈಗೆ ಬರುವುದಿಲ್ಲ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೈಮಿನಲ್ಲೂ 1,000 ರೂಪಾಯಿ ಕಡ್ಡಾಯವಾಗಿ ಮುರಿದುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಎಂಜಿನ್ ಆದರೆ 2,000. ಸವಕಳಿ ಕಳೆಯದೆ ಹಣ ಕೊಡುವ 'ಜೀರೋ ಡೆಪ್' ಕವರ್ ಇಲ್ಲದಿದ್ದರೆ ಹೊಸ ಬಂಪರ್ ಹಾಕಿಸಿದರೂ ಅರ್ಧ ಬೆಲೆ ನಿಮ್ಮದೇ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50% ಸವಕಳಿ ಕಳೆಯುತ್ತಾರೆ. ಪೇಂಟಿನ ಸಾಮಾನಿಗೂ ಅಷ್ಟೇ.

ಈಗ ಎನ್‌ಸಿಬಿಗೆ ಬನ್ನಿ. ನಿಮ್ಮ ಗಾಡಿಯ ಸ್ವಂತ ಹಾನಿ ಭಾಗದ ಪ್ರೀಮಿಯಂ, ರಿಯಾಯಿತಿ ಕಳೆಯುವ ಮೊದಲು, 10,000 ಅಂತ ಇಟ್ಟುಕೊಳ್ಳೋಣ. ಕ್ಲೈಮ್ ಹಾಕದಿದ್ದರೆ ಮುಂದಿನ ವರ್ಷ 45% ಸಿಗುತ್ತದೆ, 5,500 ಕಟ್ಟುತ್ತೀರಿ. ಆಮೇಲೆ 50%, ವರ್ಷಕ್ಕೆ 5,000. ಕ್ಲೈಮ್ ಹಾಕಿದರೆ ಎನ್‌ಸಿಬಿ ಸೊನ್ನೆ. ಮುಂದಿನ ವರ್ಷ ಪೂರ್ತಿ 10,000, ಆಮೇಲೆ 20, 25, 35, 45 ಅಂತ ಮತ್ತೆ ಮೆಟ್ಟಿಲು ಹತ್ತಬೇಕು. ಎರಡನ್ನೂ ಕೂಡಿ ಕಳೆದರೆ ಐದು ವರ್ಷದಲ್ಲಿ 12,000 ಜಾಸ್ತಿ ಕಟ್ಟಿರುತ್ತೀರಿ. ಜಿಎಸ್‌ಟಿ ಬೇರೆ. ಗಾಡಿಗೆ ವಯಸ್ಸಾದಂತೆ ಪ್ರೀಮಿಯಂ ಇಳಿಯುವುದರಿಂದ ಈ ಮೊತ್ತ ಸ್ವಲ್ಪ ಕಡಿಮೆ ಆಗಬಹುದು. ಆದರೂ ಕೈಗೆ ಬರುವ ಆರೇಳು ಸಾವಿರಕ್ಕೆ ಇದು ಯಾವ ವ್ಯಾಪಾರ? ಎನ್‌ಸಿಬಿ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ತೆಗೆದುಕೊಂಡಿದ್ದರೆ ಮಾತು ಬೇರೆ. ಪಾಲಿಸಿಯಲ್ಲಿ ಅದು ಇದೆಯಾ ಅಂತ ಒಮ್ಮೆ ನೋಡಿ. ಬಿಲ್ಲು ನಲವತ್ತು, ಐವತ್ತು ಸಾವಿರ ಆಗುವಂತಿದ್ದರೆ ಯೋಚನೆ ಮಾಡದೆ ಕ್ಲೈಮ್ ಹಾಕಿ. ಇನ್ಶೂರೆನ್ಸ್ ಇರುವುದೇ ಅದಕ್ಕೆ.

ಇನ್ನು ಹಳೇ ಡೆಂಟುಗಳನ್ನು ಸೇರಿಸುವ ಮಾತು. ಒಂದು ಘಟನೆಗೆ ಒಂದು ಕ್ಲೈಮ್, ಅಷ್ಟೇ. ಬೇರೆ ಬೇರೆ ದಿನ ಆದ ಪೆಟ್ಟನ್ನು ಒಂದೇ ದಿನ ಆಯಿತು ಅಂತ ಬರೆದುಕೊಟ್ಟರೆ ಅದು ಸುಳ್ಳು ಹೇಳಿಕೆ, ಸಹಿ ಹಾಕಿದವರು ನೀವು. ಗ್ಯಾರೇಜಿನವರು ಪಕ್ಕಕ್ಕೆ ಸರಿಯುತ್ತಾರೆ. ನಮಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ನಾನು ಮೊದಲು ನೋಡುವುದು ಗೀರಿನ ಒಳಗಡೆ. ಹೊಸ ಗೀರಿನಲ್ಲಿ ತಗಡು ಹೊಳೆಯುತ್ತದೆ. ಹಳೆಯದರಲ್ಲಿ ತುಕ್ಕು, ಮಣ್ಣು, ವಾಶ್ ಮಾಡಿದ ಶಾಂಪೂ ಎಲ್ಲ ಕೂತಿರುತ್ತದೆ. ಆಮೇಲೆ ಎತ್ತರ ನೋಡುತ್ತೇನೆ. ಸ್ಕೂಟರ್ ಹ್ಯಾಂಡಲ್ ತಾಗಿದ್ದು ಒಂದು ಎತ್ತರ, ಕಾಂಪೌಂಡ್ ಗೋಡೆಗೆ ಉಜ್ಜಿದ್ದು ಇನ್ನೊಂದು. ಬಲಗಡೆ ಬಾಗಿಲಿಗೂ ಎಡಗಡೆ ಬಂಪರಿಗೂ ಒಂದೇ ಗಾಡಿ ಗುದ್ದಿತು ಅಂದರೆ ಅದು ಹೇಗೆ ಗುದ್ದಿತು ಅಂತ ಕೇಳುತ್ತೇನೆ. ಬಹಳ ಜನ ಅಲ್ಲೇ ತಡವರಿಸುತ್ತಾರೆ.

ಪ್ರಶ್ನೆ: ನಮ್ಮದು ಆಲೂರು ತಾಲ್ಲೂಕು. 2024ರಲ್ಲಿ ಹೊಸ ಕಾರು ತಗೊಂಡೆವು. ಶೋರೂಮಿನಲ್ಲಿ 'ಮೂರು ವರ್ಷ ಇನ್ಶೂರೆನ್ಸ್ ಇದೆ' ಅಂದಿದ್ದರು, ಹಾಗಾಗಿ ರಿನ್ಯೂವಲ್ ಕಡೆ ತಲೆ ಹಾಕಲಿಲ್ಲ. ಮೊನ್ನೆ ರಾತ್ರಿ ತೋಟದ ಗೇಟಿನ ಹತ್ತಿರ ನಿಲ್ಲಿಸಿದ್ದ ಕಾರನ್ನು ಕಾಡಾನೆ ದೂಡಿ ಬಾನೆಟ್ ಜಜ್ಜಿ ಹಾಕಿದೆ. ಆನೆ ಮಾಡಿದ್ದಕ್ಕೆ ಹಣ ಕೊಡುತ್ತಾರಾ?

ಉತ್ತರ: ಆನೆಗೆ ಕೊಡುತ್ತಾರೆ. ನಿಮಗೆ ಸಿಗುತ್ತದಾ ಅನ್ನುವುದೇ ಅನುಮಾನ.

ಜನ 'ಫುಲ್ ಇನ್ಶೂರೆನ್ಸ್' ಅನ್ನುವ ಪಾಲಿಸಿಯಲ್ಲಿ ಹೊರಗಿನ ಕಾರಣದಿಂದ ಆಕಸ್ಮಿಕವಾಗಿ ಆದ ಹಾನಿ ಸೇರಿರುತ್ತದೆ. ಆನೆ, ಕಾಡೆಮ್ಮೆ, ಮೇಲೆ ಬಿದ್ದ ಮರ ಎಲ್ಲ ಅದರಲ್ಲೇ ಬಂತು. ನೆರೆ, ಬಿರುಗಾಳಿ, ಭೂಕುಸಿತವನ್ನು ಹೆಸರಿಟ್ಟೇ ಬರೆದಿರುತ್ತಾರೆ. ನಮ್ಮ ಶಿರಾಡಿ, ಚಾರ್ಮಾಡಿ ಕಡೆ ಓಡಾಡುವವರಿಗೆ ಬೇಕಾದದ್ದೂ ಅದೇ.

ತೊಂದರೆ ಇರುವುದು ಆ ಮೂರು ವರ್ಷದಲ್ಲಿ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ನಿಮ್ಮ ಕಾರಿನ ಹಾನಿಗೆ ಸಾಮಾನ್ಯವಾಗಿ ಕೊಟ್ಟಿರುವುದು ಒಂದೇ ವರ್ಷ. ಪಾಲಿಸಿ ತೆಗೆದು ನೋಡಿ, ಎರಡು ಬೇರೆ ಬೇರೆ ಕೊನೆ ತಾರೀಖು ಇರುತ್ತದೆ. ಸ್ವಂತ ಹಾನಿಯ ತಾರೀಖು 2025ರಲ್ಲೇ ಮುಗಿದಿದ್ದರೆ ಈ ಬಾನೆಟ್ ಖರ್ಚು ನಿಮ್ಮದೇ. ಈಗ ಪಾಲಿಸಿ ಮಾಡಿಸಿ ಹಳೇ ಪೆಟ್ಟಿಗೆ ಕ್ಲೈಮ್ ಹಾಕುವ ಯೋಚನೆ ಬಿಡಿ. ಮಧ್ಯೆ ಬಿಟ್ಟುಹೋದ ಗಾಡಿಯನ್ನು ಕಂಪನಿಯವರು ಪರೀಕ್ಷೆ ಮಾಡಿಯೇ ಪಾಲಿಸಿ ಕೊಡುತ್ತಾರೆ. ಅವಧಿ ಮುಗಿದು 90 ದಿನ ದಾಟಿದರೆ ಎನ್‌ಸಿಬಿಯೂ ಹೋಯಿತು.

ಅಕಸ್ಮಾತ್ ತಾರೀಖು ಇನ್ನೂ ಇದ್ದರೆ, ಆನೆ ಹೆಜ್ಜೆ ಸಮೇತ ಫೋಟೋ ತೆಗೆದು ಇವತ್ತೇ ಕಂಪನಿಗೆ ಫೋನ್ ಮಾಡಿ. ಅರಣ್ಯ ಇಲಾಖೆಯವರಿಗೂ ತಿಳಿಸಿ, ಅವರು ಬಂದು ನೋಡಿದ ದಾಖಲೆ ಕೆಲಸಕ್ಕೆ ಬರುತ್ತದೆ. ಒಂದು ಮಾತ್ರ ನೆನಪಿಡಿ, ಗಾಡಿ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ. ಬಾನೆಟ್ ಜಜ್ಜಿದೆ ಅಂದರೆ ರೇಡಿಯೇಟರ್ ಒಡೆದಿರಬಹುದು. ಹಾಗೇ ಗ್ಯಾರೇಜಿನ ತನಕ ಓಡಿಸಿ ಎಂಜಿನ್ ಸೀಜ್ ಆದರೆ ಎಂಜಿನ್ ಖರ್ಚನ್ನು ತೆಗೆದುಹಾಕುತ್ತಾರೆ. ಅದು ಆನೆ ಮಾಡಿದ್ದಲ್ಲ, ನೀವು ಮಾಡಿದ್ದು.

ಪ್ರಶ್ನೆ: ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಅಮ್ಮನನ್ನು ರಾಜಹಂಸದಲ್ಲಿ ಕಳಿಸಿದೆ. ಆಧಾರ್ ತೋರಿಸಿದರೂ ಕಂಡಕ್ಟರ್ ಟಿಕೆಟ್ ದುಡ್ಡು ಕೇಳಿದರಂತೆ. ಶಕ್ತಿ ಯೋಜನೆ ಇದೆ ಅಲ್ವಾ?

ಉತ್ತರ: ಬಸ್ಸು ನನ್ನ ವಿಷಯ ಅಲ್ಲ, ಆದರೆ ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಕಂಡಕ್ಟರ್ ಮಾಡಿದ್ದು ಸರಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ರಾಜಹಂಸ, ಐರಾವತ, ಸ್ಲೀಪರ್ ಬಸ್ಸುಗಳಿಗೆ ಇಲ್ಲ. ರಾಜ್ಯದ ಒಳಗೆ ಓಡುವ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಮಾತ್ರ. ಅಲ್ಲೂ ಸೊನ್ನೆ ಟಿಕೆಟ್ ತೆಗೆದುಕೊಳ್ಳಲೇಬೇಕು, ಸುಮ್ನೆ ಕೂರುವ ಹಾಗಿಲ್ಲ. ಕೊಪ್ಪ, ಶೃಂಗೇರಿ ಕಡೆಯ ಖಾಸಗಿ ಬಸ್ಸಿನಲ್ಲಿ ಪೂರ್ತಿ ದುಡ್ಡು. ಜೊತೆಗೆ ಅಪ್ಪ ಹೋಗುವುದಾದರೆ, 60 ದಾಟಿದ್ದರೆ ಸಾರಿಗೆ ಬಸ್ಸಿನಲ್ಲಿ 25% ರಿಯಾಯಿತಿ ಇದೆ, ವಯಸ್ಸಿನ ದಾಖಲೆ ಇಟ್ಟುಕೊಳ್ಳಲಿ. 2025ರ ಜನವರಿ 5ರಿಂದ ದರ 15% ಏರಿರುವುದರಿಂದ ಆ ಕಾಲು ಭಾಗವೂ ಈಗ ದುಡ್ಡೇ.

ಪ್ರಶ್ನೆ: ಚಿಕ್ಕಮಗಳೂರಿನ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಅತಿಥಿಗಳನ್ನು ನಮ್ಮ ವೈಟ್ ಬೋರ್ಡ್ ಕಾರಿನಲ್ಲೇ ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗಿ ದುಡ್ಡು ತಗೊಳ್ಳುತ್ತೇವೆ. ತಿರುವಿನಲ್ಲಿ ಗಾಡಿ ಚರಂಡಿಗೆ ಇಳಿಯಿತು. ಕ್ಲೈಮ್ ತಿರಸ್ಕರಿಸಿದ್ದಾರೆ. 'ನೆಂಟರು' ಅಂತ ಹೇಳಿದ್ದರೆ ಸಿಗುತ್ತಿತ್ತಾ?

ಉತ್ತರ: ನೆಂಟರು ಅಂದಿದ್ದರೆ ಇನ್ನೂ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಿದ್ದಿರಿ. ಅತಿಥಿಗಳಿಗೆ ಒಂದು ಫೋನ್ ಮಾಡಿದರೆ ಸಾಕು, ಎಲ್ಲ ಹೊರಗೆ ಬರುತ್ತದೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಿದರೆ ಹಣ ಇಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತದೆ.

ತಿರಸ್ಕಾರ ಒಪ್ಪದಿದ್ದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಒಂದು ತಿಂಗಳು ಉತ್ತರ ಬರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಫೀಸ್ ಇಲ್ಲ, ವಕೀಲರು ಬೇಕಿಲ್ಲ. ಬೇರೆ ಕೇಸುಗಳಲ್ಲಿ ನಾನೇ ಜನರನ್ನು ಅಲ್ಲಿಗೆ ಕಳಿಸುತ್ತೇನೆ. ನಿಮ್ಮದರಲ್ಲಿ ಗೆಲ್ಲುವುದು ಕಷ್ಟ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಮುಂದಿನ ಸೀಸನ್ನಿಗೆ ಊರಿನ ಯೆಲ್ಲೋ ಬೋರ್ಡ್ ಜೀಪಿನವರನ್ನು ಗೊತ್ತು ಮಾಡಿಕೊಳ್ಳಿ. ಬಾಡಿಗೆ ಅವರಿಗೆ ಹೋಗಲಿ, ನಿಮಗೆ ರೂಮಿನ ದುಡ್ಡು ಇದೆಯಲ್ಲ.