ಕಾಲಿಗೆ ರಕ್ತ ಸರಿಯಾಗಿ ಹೋಗದವರು ನೋವು ಬರುವಷ್ಟು ನಡೆದರೆ ಉರಿಯೂತ ಜಾಸ್ತಿ ಆಗಲ್ವಾ?

ಆ ಹೊತ್ತಿಗೆ ಸ್ವಲ್ಪ ಏರಬಹುದು, ನಿಜ. ಕಾಲಿನ ರಕ್ತನಾಳದೊಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾದರೆ, ನಡೆಯುವಾಗ ಮೀನಖಂಡಕ್ಕೆ ಬೇಕಾದಷ್ಟು ಆಮ್ಲಜನಕ ಸಿಗುವುದಿಲ್ಲ. ಹಿಡಿದುಕೊಂಡ ಹಾಗೆ ನೋಯುತ್ತದೆ. ನಿಂತಾಗ ರಕ್ತ ಮತ್ತೆ ನುಗ್ಗುತ್ತದಲ್ಲ, ಆಗ ಉರಿಯೂತದ ರಾಸಾಯನಿಕಗಳು ಕೆಲಹೊತ್ತು ಮೇಲೇಳುತ್ತವೆ.

ಹಾಗಂತ ಸುಮ್ನೆ ಕೂರಬೇಡಿ. ತಿಂಗಳುಗಟ್ಟಲೆ ನಡೆದವರಲ್ಲಿ ರಕ್ತದಲ್ಲಿ ಸಿಗುವ ಸಿಆರ್‌ಪಿಯಂಥ (ಉರಿಯೂತ ಇದ್ದಾಗ ಏರುವ ಒಂದು ಪ್ರೋಟೀನ್) ಉರಿಯೂತದ ಗುರುತುಗಳು ಕೆಲವು ಅಧ್ಯಯನಗಳಲ್ಲಿ ಇಳಿದಿವೆ, ಕೆಲವದರಲ್ಲಿ ಇದ್ದಲ್ಲೇ ಇವೆ. ಅದಕ್ಕೇ ಬ್ಲಡ್ ರಿಪೋರ್ಟ್ ನೋಡಿ ಲಾಭ ಲೆಕ್ಕ ಹಾಕಬೇಡಿ. ಮೊದಲು ಎರಡನೇ ಲೈಟ್ ಕಂಬಕ್ಕೇ ನಿಲ್ಲುತ್ತಿದ್ದವರು ಈಗ ಐದನೆಯದು ದಾಟುತ್ತೀರಾ? ನನ್ನ ಪ್ರಕಾರ ಅದೇ ಅಳತೆ. ಬ್ಲಾಕ್ ಏನೂ ಕರಗಿರುವುದಿಲ್ಲ. ಸಿಕ್ಕಷ್ಟು ಆಮ್ಲಜನಕದಲ್ಲೇ ಚೆನ್ನಾಗಿ ಕೆಲಸ ಮಾಡುವುದನ್ನು ಸ್ನಾಯು ಕಲಿತಿರುತ್ತದೆ.

ಸಾಮಾನ್ಯವಾಗಿ ಹೇಳುವ ಕ್ರಮ ಇದು: ನೋವು ಸಾಕಷ್ಟು ಬರುವವರೆಗೆ ನಡೆಯಿರಿ, ನಿಲ್ಲಿ, ಪೂರ್ತಿ ಹೋದ ಮೇಲೆ ಮತ್ತೆ ಹೊರಡಿ. ದಿನಕ್ಕೆ 30ರಿಂದ 45 ನಿಮಿಷ, ವಾರಕ್ಕೆ 3 ದಿನವಾದರೂ, ಕನಿಷ್ಠ 12 ವಾರ. ಮೊದಲ ವಾರಗಳು ಬೇಜಾರು ಹಿಡಿಸುತ್ತವೆ. ಬೀಡಿ, ಸಿಗರೇಟು ಬಿಡದಿದ್ದರೆ ಈ ಶ್ರಮ ಅರ್ಧ ನೀರಲ್ಲಿ ಹೋಮ.

ಮಲಗಿದ್ದಾಗಲೂ ಪಾದ ನೋಯುತ್ತಿದ್ದರೆ, ಬೆರಳಲ್ಲಿ ವಾಸಿಯಾಗದ ಹುಣ್ಣಿದ್ದರೆ ನಡಿಗೆ ಆಮೇಲೆ, ಮೊದಲು ಡಾಕ್ಟರ್ ಹತ್ತಿರ ಹೋಗಿ.