ಸೀರಿಯಲ್‌ನಲ್ಲಿ ಇಂಜೆಕ್ಷನ್ ಕೊಟ್ಟ ಕೂಡಲೇ ಮಾತು ಬರುತ್ತದೆ, ನಿಜಕ್ಕೂ ಹಾಗೆಯೇ?

ಪ್ರಶ್ನೆ: ಅಮೆರಿಕದ ಆಸ್ಪತ್ರೆ ಸೀರಿಯಲ್‌ಗಳಲ್ಲಿ ಸ್ಟ್ರೋಕ್ ಆದವರಿಗೆ ಇಂಜೆಕ್ಷನ್ ಕೊಟ್ಟ ನಿಮಿಷದೊಳಗೆ ಕೈ ಎತ್ತಿ ಮಾತಾಡುತ್ತಾರೆ. ನಮ್ಮ ದೊಡ್ಡಪ್ಪ ಬೆಳಿಗ್ಗೆ 6ಕ್ಕೆ ಎದ್ದಾಗ ಬಲಗೈಗೆ ಸ್ವಾಧೀನವಿರಲಿಲ್ಲ. 7 ಗಂಟೆಗೆ ಆಸ್ಪತ್ರೆಯಲ್ಲಿದ್ದೆವು. ಆದರೂ ‘ಟೈಮ್ ಮೀರಿದೆ’ ಎಂದು ಇಂಜೆಕ್ಷನ್ ಕೊಡಲಿಲ್ಲ. ಯಾಕೆ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಒಂದೇ ಗಂಟೆಯಲ್ಲಿ ಕರೆದೊಯ್ದಿರಿ, ನಿಮ್ಮದೇನೂ ತಪ್ಪಿಲ್ಲ. ಆದರೆ ವೈದ್ಯರು ಹೊತ್ತು ಎಣಿಸುವುದು ಎದ್ದಾಗಿನಿಂದಲ್ಲ, ಕೊನೆಯ ಸಲ ಚೆನ್ನಾಗಿದ್ದ ಹೊತ್ತಿನಿಂದ. ರಾತ್ರಿ 10ಕ್ಕೆ ಮಲಗಿದ್ದರೆ ಲೆಕ್ಕ ಶುರುವಾಗುವುದೇ 10ರಿಂದ. ಮಿದುಳಿನ ರಕ್ತನಾಳ ಕಟ್ಟಿದ ಹೆಪ್ಪನ್ನು ಕರಗಿಸುವ ಆಲ್ಟೆಪ್ಲೇಸ್ ಎಂಬ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ. ಸೀರಿಯಲ್‌ನ ಡಾಕ್ಟರು ಈ ಪ್ರಶ್ನೆ ಕೇಳುವುದು ಅಪರೂಪ. ನಿಜವಾದ ಎಮರ್ಜೆನ್ಸಿಯಲ್ಲಿ ಮನೆಯವರನ್ನು ಮೊದಲು ಕೇಳುವುದೇ ಇದನ್ನು.

ಆಮೇಲೆ ಶುಗರ್ ನೋಡುತ್ತಾರೆ, ಏಕೆಂದರೆ ಶುಗರ್ ಇಳಿದರೂ ಲಕ್ವದಂತೆಯೇ ಕಾಣಬಹುದು. ಬಿ.ಪಿ. 185/110ಕ್ಕಿಂತ ಮೇಲಿದ್ದರೆ ಇಳಿಸಬೇಕು. ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಆಗದೆ ಇಂಜೆಕ್ಷನ್ ಮುಟ್ಟುವಂತೆಯೇ ಇಲ್ಲ: ಮಿದುಳಿನಲ್ಲಿ ರಕ್ತನಾಳ ಒಡೆದಿದ್ದರೆ ಅದೇ ಔಷಧಿ ಪ್ರಾಣ ತೆಗೆದೀತು. ರೋಗಿಯ ತೂಕ ನೋಡಿ ಡೋಸ್ ಲೆಕ್ಕ ಹಾಕಿ, ಹತ್ತರಲ್ಲಿ ಒಂದು ಪಾಲನ್ನು ಒಂದು ನಿಮಿಷದಲ್ಲಿ, ಉಳಿದದ್ದನ್ನು ಒಂದು ಗಂಟೆ ಕಾಲ ನಿಧಾನವಾಗಿ ರಕ್ತನಾಳಕ್ಕೆ ಹರಿಸುತ್ತಾರೆ. ಟೆನೆಕ್ಟೆಪ್ಲೇಸ್ ಎಂಬ ಇದೇ ಬಗೆಯ ಔಷಧಿಯಾದರೆ ಒಂದೇ ಬಾರಿಗೆ ಮುಗಿಯುತ್ತದೆ.

ನನಗೆ ನಿಜಕ್ಕೂ ಬೇಸರ ತರಿಸುವುದು ಆ ‘ನಿಮಿಷದೊಳಗೆ ಮಾತು’. ಕೆಲವರು ಬೇಗ ಚೇತರಿಸಿಕೊಳ್ಳುವುದುಂಟು. ಆದರೆ ಈ ಔಷಧಿಗೆ ದಾರಿ ಮಾಡಿಕೊಟ್ಟ, 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಲಾಭ ಸ್ಪಷ್ಟವಾಗಿ ಕಂಡದ್ದು ಮೂರು ತಿಂಗಳ ಹೊತ್ತಿಗೆ. ಔಷಧಿ ಪಡೆದವರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಸ್ಥಿತಿ ಹದಗೆಟ್ಟಿತು. ಲಾಭ ಕಾಣಲು ತಿಂಗಳುಗಳೇ ಬೇಕಾಗಬಹುದೆಂದು ಗೊತ್ತಿಲ್ಲದ ಮನೆಯವರು ಮರುದಿನವೂ ಕೈ ಏಳದಿದ್ದರೆ ಚಿಕಿತ್ಸೆಯೇ ಸೋತಿತೆಂದು ಕಂಗಾಲಾಗುತ್ತಾರೆ, ಫಿಸಿಯೋಥೆರಪಿಯನ್ನೂ ಬಿಟ್ಟುಬಿಡುತ್ತಾರೆ.

ನಿದ್ದೆಯಲ್ಲಿ ಸ್ಟ್ರೋಕ್ ಆದವರಿಗೆ ದಾರಿಯೇ ಇಲ್ಲವೆಂದಲ್ಲ. ಎಂ.ಆರ್.ಐ. ನೋಡಿ ಕೆಲವರಿಗೆ ಇಂಜೆಕ್ಷನ್ ಕೊಡಬಹುದು. ದೊಡ್ಡ ರಕ್ತನಾಳ ಕಟ್ಟಿದ್ದರೆ, ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ತೊಡೆಸಂದಿನಿಂದ ಕೊಳವೆ ತೂರಿಸಿ ಹೆಪ್ಪನ್ನು ಹೊರತೆಗೆಯುತ್ತಾರೆ. ಈ ಸೌಲಭ್ಯ ಎಲ್ಲ ಊರಲ್ಲಿಲ್ಲ. ದೊಡ್ಡಪ್ಪನ ಸ್ಕ್ಯಾನ್ ನೋಡದೆ ಅವರಿಗೆ ಅದು ಆಗುತ್ತಿತ್ತೇ ಎಂದು ನಾನು ಹೇಳಲಾರೆ.

ಒಮ್ಮೆ ಸ್ಟ್ರೋಕ್ ಆದವರಿಗೆ ಮತ್ತೆ ಆಗುವ ಅಪಾಯ ಹೆಚ್ಚು. ಹತ್ತಿರದಲ್ಲಿ ರಾತ್ರಿಯೂ ಸಿ.ಟಿ. ಮಾಡುವ ಆಸ್ಪತ್ರೆ ಯಾವುದೆಂದು ಈಗಲೇ ವಿಚಾರಿಸಿಡಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ, ದೊಡ್ಡಪ್ಪ ನುಂಗುವ ಮಾತ್ರೆಗಳ ಚೀಟಿ ಜೊತೆಗಿರಲಿ. ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ನುಂಗಲಾಗದೆ ಶ್ವಾಸಕೋಶಕ್ಕೆ ಇಳಿದೀತು.